ಬೀಗವೂ ಇರಲಿ, ಬಣ್ಣವೂ ಇರಲಿ
(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವನು, ಕಂಪ್ಯೂಟರ್ ಪಂಡಿತನಲ್ಲ. ಆದರೂ ನಮ್ಮ ಕಚೇರಿಯಲ್ಲಿ ಸಾಲದ ಗಡುವು ನೋಡಿಕೊಳ್ಳಲು ಇಟ್ಟಿರುವ ಮೈಕ್ರೋಸಾಫ್ಟ್ ಆಕ್ಸೆಸ್ ಪಟ್ಟಿಯ ಬಗ್ಗೆ ನಾಲ್ಕು ಮಾತು ಹೇಳಲು ಅಧ್ಯಕ್ಷರು ಅಪ್ಪಣೆ ಕೊಟ್ಟಿದ್ದಾರೆ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅಂದಿನಿಂದ ಇಂದಿನವರೆಗೂ ಸಂಘಗಳು ನಿಂತಿರುವುದು ಲೆಕ್ಕದ ಮೇಲಿನ ನಂಬಿಕೆಯಿಂದ. ಬಾಕಿಯ ಅಂಕಿಯನ್ನು ಯಾರೂ ತಿದ್ದಬಾರದು. ಆದರೆ ಗಡುವು ಬಂದದ್ದು ಎಲ್ಲರ ಕಣ್ಣಿಗೂ ಬೀಳಬೇಕು. ಯಾಕಂದ್ರೆ ಬೆಳೆ ಸಾಲದ ಗಡುವು ದಾಟಿದರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ. ನಷ್ಟ ರೈತನಿಗೇ.

ಮೊದಲು ಬೀಗದ ಮಾತು. ಆಕ್ಸೆಸ್ ಫಾರಂನ ಪ್ರತಿ ಮನೆಗೂ 'ಲಾಕ್ಡ್', 'ಎನೇಬಲ್ಡ್' ಎಂಬ ಎರಡು ಗುಣಗಳಿವೆ. ಎನೇಬಲ್ಡ್ ಒಂದನ್ನೇ 'ನೋ' ಮಾಡಿದರೆ ಅಕ್ಷರ ಮಂಕಾಗುತ್ತದೆ, ಕರ್ಸರ್ ಅಲ್ಲಿಗೆ ಹೋಗುವುದೇ ಇಲ್ಲ. ಎರಡನ್ನೂ 'ಯೆಸ್' ಮಾಡಿದರೆ ಅಂಕಿ ಸ್ಪಷ್ಟವಾಗಿ ಕಾಣುತ್ತದೆ, ಹುಡುಕಬಹುದು, ತಿದ್ದಲು ಮಾತ್ರ ಆಗದು. ಬಾಕಿಯ ಮನೆಗೆ ನಮಗೆ ಬೇಕಾದದ್ದು ಇದೇ.

ಬೀಗ ಹಾಕಿದ ಮೇಲೆ ಬಣ್ಣ ಹೇಗೆ ಬದಲಾಗುತ್ತೆ ಅಂತ ಕೇಳುವವರಿದ್ದಾರೆ. ಬೀಗ ತಡೆಯುವುದು ಕೈಯನ್ನು, ಕಣ್ಣನ್ನಲ್ಲ. ಆಕ್ಸೆಸ್ 2000ರಿಂದ 'ಕಂಡಿಷನಲ್ ಫಾರ್ಮ್ಯಾಟಿಂಗ್' ಎಂಬ ಸೌಲಭ್ಯ ಬಂದಿದೆ. ಇದು ಅಂಕಿಯನ್ನು ಮುಟ್ಟುವುದಿಲ್ಲ, ತೋರಿಕೆಯನ್ನಷ್ಟೇ ಬದಲಿಸುತ್ತದೆ. ಫಾರಂ ಅನ್ನು ಡಿಸೈನ್ ನೋಟದಲ್ಲಿ ತೆರೆದು, ಬಾಕಿಯ ಮನೆ ಆರಿಸಿ, 'ಎಕ್ಸ್‌ಪ್ರೆಷನ್ ಈಸ್' ಎಂಬಲ್ಲಿ ಷರತ್ತು ಬರೆಯಬೇಕು. ಗಡುವು ಇವತ್ತಿನ ತಾರೀಖಿಗಿಂತ ಹಿಂದಿದ್ದು, ಬಾಕಿ ಸೊನ್ನೆಗಿಂತ ಹೆಚ್ಚಿದ್ದರೆ ಕೆಂಪು. ಗಡುವು ಇಂದಿನಿಂದ ಮೂವತ್ತು ದಿನದೊಳಗಿದ್ದು, ಬಾಕಿ ಇದ್ದರೆ ಹಳದಿ. ಪ್ರತಿ ಸದಸ್ಯರ ಲೈನನ್ನೂ ಬೇರೆ ಬೇರೆಯಾಗಿ ನೋಡಿ ಬಣ್ಣ ಕೊಡುತ್ತದೆ. ನಾವೇ ಆ ಮನೆಗೆ ನೇರವಾಗಿ ಕೆಂಪು ಬಳಿದರೆ ಪಟ್ಟಿಯಲ್ಲಿರುವ ಎಲ್ಲರ ಬಾಕಿಯೂ ಕೆಂಪಾಗಿಬಿಡುತ್ತದೆ!

ಇಲ್ಲಿ ಮೂರು ಎಚ್ಚರ ಬೇಕು.

ಒಂದು, ಷರತ್ತುಗಳ ಸರದಿ. ಮೊದಲು ಯಾವುದು ನಿಜವಾಗುತ್ತದೋ ಅದರ ಬಣ್ಣವೇ ನಿಲ್ಲುತ್ತದೆ. 'ಮೂವತ್ತು ದಿನದೊಳಗೆ' ಎಂಬ ಲೆಕ್ಕಕ್ಕೆ ಗಡುವು ದಾಟಿದವರೂ ಸೇರುತ್ತಾರೆ. ಆದ್ದರಿಂದ ಕೆಂಪಿನ ಷರತ್ತು ಮೇಲಿರಬೇಕು. ಹಳದಿ ಮೇಲಿದ್ದರೆ ಕೆಂಪು ಕಾಣುವುದೇ ಇಲ್ಲ. 2007ರವರೆಗಿನ ಆವೃತ್ತಿಗಳಲ್ಲಿ ಒಂದು ಮನೆಗೆ ಮೂರೇ ಷರತ್ತು ಸಾಧ್ಯವಿತ್ತು. 2010ರ ಆವೃತ್ತಿಯಿಂದ ಐವತ್ತರವರೆಗೆ ಬರೆಯಬಹುದು. ಆದರೆ ಊಟಕ್ಕೆ ಉಪ್ಪಿನಕಾಯಿ ಇದ್ದಷ್ಟು ಬಣ್ಣ ಸಾಕು.

ಎರಡು, ಖಾಲಿ ಮನೆ. ಗಡುವಿನ ತಾರೀಖನ್ನೇ ಬರೆಯದಿದ್ದರೆ ಯಾವ ಷರತ್ತೂ ನಿಜವಾಗದು, ಬಣ್ಣವೂ ಬಾರದು. ಬಣ್ಣವಿಲ್ಲ ಅಂದಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ತಾರೀಖು ಖಾಲಿ ಇದ್ದವರಿಗೆಂದೇ ಬೇರೊಂದು ಬಣ್ಣ ಇಡುವುದು ಒಳ್ಳೆಯದು.

ಮೂರು, ಬೀಗ ಇರುವುದು ಫಾರಂಗೆ ಮಾತ್ರ. ಹಿಂದಿರುವ ಟೇಬಲ್ಲನ್ನೇ ನೇರವಾಗಿ ತೆರೆದವರು ಅಂಕಿ ತಿದ್ದಬಹುದು. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಆದ್ದರಿಂದ ಫೈಲಿಗೆ ಪಾಸ್‌ವರ್ಡ್ ಇರಲಿ, ರಸೀದಿ ಪುಸ್ತಕದೊಡನೆ ತಾಳೆ ನೋಡುವುದು ತಪ್ಪದಿರಲಿ.

ಹೊಲಕ್ಕೆ ಬೇಲಿಯೂ ಬೇಕು, ಬೆರ್ಚಪ್ಪನೂ ಬೇಕು. ಬೀಗ ಬೇಲಿಯಾದರೆ ಬಣ್ಣ ಬೆರ್ಚಪ್ಪ. ಆದರೆ ಹೊಲ ಕಾಯುವವರು ನಾವೇ. ಪರದೆಯಲ್ಲಿ ಹಳದಿ ಬಂದ ದಿನವೇ ಆ ಸದಸ್ಯರ ಮನೆಗೆ ಸುದ್ದಿ ಮುಟ್ಟಿಸಬೇಕು. ನೀವೂ ಕಚೇರಿಗೆ ಬಂದಾಗ "ನನ್ನ ಹೆಸರು ಯಾವ ಬಣ್ಣದಲ್ಲಿದೆ ತೋರಿಸ್ರಿ" ಅಂತ ಕೇಳಿ. ಅದು ನಿಮ್ಮ ಹಕ್ಕು.