ಅದ್ಭುತ ಕಥೆಯ ದಾರಿಬುತ್ತಿ

(ಮಿಯಾಪುರದ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತರಿಗೆ ಸಾಹಿತ್ಯದ ಮೇಲೆ ಮಾತನಾಡಲು ಅಧಿಕಾರವೇನು ಎಂದು ತಮ್ಮಲ್ಲಿ ಕೆಲವರಿಗೆ ತೋರಿದರೆ ಅದು ಸಹಜವೇ. ನಾವು ಓದಿದುದು ಬಿ.ಕಾಂ.; ದಿನವೂ ಓದುವುದು ಚೆಕ್ಕು, ಚಲನ್ನು, ಲೆಡ್ಜರು. ಆದರೂ ಕಾರ್ಯದರ್ಶಿಗಳು ಈ ವಿಷಯವನ್ನು ನಮ್ಮ ಕೊರಳಿಗೇ ಕಟ್ಟಿದುದಕ್ಕೆ ಕಾರಣವುಂಟು. ನಮ್ಮ ಕಟ್ಟಡದ ಮಕ್ಕಳನ್ನು ಕೂಡಿಸಿಕೊಂಡು ಶನಿವಾರದ ಸಂಜೆ ಕಥೆ ಹೇಳುವ ಪದ್ಧತಿಯನ್ನು ನಾವು ಇಟ್ಟುಕೊಂಡಿದ್ದೇವೆ. ಆಬಿಡ್ಸಿನ ಫುಟ್‌ಪಾತಿನಲ್ಲಿ ಭಾನುವಾರ ಹಳೆಯ ಪುಸ್ತಕ ಮಾರುವುದನ್ನು ತಾವೆಲ್ಲ ನೋಡಿದ್ದೀರಿ. ಗನ್‌ಫೌಂಡ್ರಿಯ ಸಂತ ಜೋಸೆಫರ ಕತೀಡ್ರಲಿನಲ್ಲಿ ಬಲಿಪೂಜೆ ಮುಗಿಸಿಕೊಂಡು ಬರುವಾಗ ಅಲ್ಲಿ ಕೊಂಡ ಒಂದು ದಪ್ಪ ಇಂಗ್ಲಿಷ್ ಪುಸ್ತಕ, ಟೋಲ್ಕೀನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’, ಅದನ್ನು ಕನ್ನಡದಲ್ಲಿ ಹೇಳತೊಡಗಿದೆವು. ಮೂರನೆಯ ವಾರಕ್ಕೆ ಇಬ್ಬರು ತಾಯಂದಿರಿಂದ ಎರಡು ಆಕ್ಷೇಪಣೆ ಬಂದುವು.

ಒಬ್ಬರು ನಮ್ಮಂತೆಯೇ ಕಥೋಲಿಕರು, ಮಂಗಳೂರಿನ ಕಡೆಯವರು. “ಮಾಟಗಾರ, ಮಾಯದ ಉಂಗುರ, ಪ್ರೇತ, ಪಿಶಾಚಿ ಇವೆಲ್ಲ ಯಾಕೆ? ಮಕ್ಕಳ ವಿಶ್ವಾಸ ಕೆಡುವುದಿಲ್ಲವೆ?” ಎಂದರು. ಇನ್ನೊಬ್ಬರು ಹಾಸನದ ಕಡೆಯ ಗೃಹಿಣಿ, ಬಹು ಸೌಜನ್ಯದವರು. “ತಪ್ಪು ತಿಳಿಯಬೇಡಿ. ಅದನ್ನು ಬರೆದವರು ನಿಮ್ಮ ಮತದವರಂತೆ. ಕಥೆಯೊಳಗೆ ಮತವನ್ನು ಅಡಗಿಸಿಟ್ಟಿದ್ದಾರಂತೆ. ನಮ್ಮ ಹುಡುಗನಿಗೆ ಅದು ಬೇಕೆ?” ಎಂದು ಕೇಳಿದರು. ಒಂದೇ ಪುಸ್ತಕ, ಒಬ್ಬರಿಗೆ ಅದರಲ್ಲಿ ಧರ್ಮ ಸಾಲದು, ಇನ್ನೊಬ್ಬರಿಗೆ ಹೆಚ್ಚು! ಇಬ್ಬರೂ ಮಕ್ಕಳ ಹಿತವನ್ನೇ ಕೋರಿ ಕೇಳಿದವರು. ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು, ಅಜ್ಜಿ ಊರಿನಲ್ಲಿ. ಇಂಥ ಮಕ್ಕಳ ಕಿವಿಗೆ ಯಾವ ಕಥೆ ಬೀಳಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಆದುದರಿಂದ ಇಬ್ಬರಿಗೂ ಸೇರಿಸಿ ಇಲ್ಲಿ ಉತ್ತರ ಹೇಳುವ ಪ್ರಯತ್ನ ಮಾಡುತ್ತೇವೆ.

ಮೊದಲು ನಮ್ಮ ಕರಾವಳಿಗೆ ಹೋಗಿ ಬರೋಣ. 1579ರಲ್ಲಿ ತಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ ಗೋವೆಗೆ ಬಂದಿಳಿದರು. ಜೆಸ್ವಿಟ್ ಸಭೆಯವರು. ಹೊಸದಾಗಿ ಕ್ರೈಸ್ತರಾಗಿದ್ದ ಜನರಿಗೆ ಹಳೆಯ ಪುರಾಣಗಳ ಪಾರಾಯಣ ತಪ್ಪಿಹೋಗಿತ್ತು. ಅದರ ಸ್ಥಳದಲ್ಲಿ ಓದುವುದಕ್ಕೆ, ಕೇಳುವುದಕ್ಕೆ ಏನೂ ಇರಲಿಲ್ಲ. ಧರ್ಮೋಪದೇಶದ ಪ್ರಶ್ನೋತ್ತರಗಳಿಂದ ಮನಸ್ಸು ತುಂಬುವುದಿಲ್ಲವಷ್ಟೆ. ಸ್ಟೀಫನ್ಸರು ಈ ಬರಿದನ್ನು ಕಂಡುಕೊಂಡರು. ಕೊಂಕಣಿ ಬೆರೆತ ಮರಾಠಿಯಲ್ಲಿ, ಓವಿಯ ಧಾಟಿಯಲ್ಲಿ, ಸುಮಾರು 11 ಸಾವಿರ ಪದ್ಯಗಳ ‘ಕ್ರಿಸ್ತಪುರಾಣ’ವನ್ನು ಬರೆದರು. 1616ರಲ್ಲಿ ಅದು ರಾಶೋಲಿನಲ್ಲಿ ಅಚ್ಚಾಯಿತು. ಅದು ಗೋವೆಯ ಸಾಷ್ಟಿಯಲ್ಲಿರುವ ಊರು. ಆ ಕಾಲದ ಅಚ್ಚಿನ ಪ್ರತಿ ಒಂದೂ ಉಳಿದಿಲ್ಲ. ಆದರೆ ಕೈಬರಹದ ಪ್ರತಿಗಳು ಕಥೋಲಿಕರ ಮನೆಗಳಲ್ಲಿ ಉಳಿದುವು. ಅವುಗಳ ಆಧಾರದಿಂದ 1907ರಲ್ಲಿ ಜೋಸೆಫ್ ಸಲ್ಡಾನರು ಅದನ್ನು ಮಂಗಳೂರಿನಲ್ಲಿ ಮತ್ತೆ ಅಚ್ಚುಹಾಕಿಸಿದರು. ನಮ್ಮವರು ಏಸುವಿನ ಕಥೆಯನ್ನು ಪುರಾಣವಾಗಿ ಹಾಡಿಕೊಂಡು ಬಂದವರು ಎಂದು ಮಂಗಳೂರಿನ ಕಥೋಲಿಕರು ಹೇಳಿಕೊಂಡರೆ ಅದು ಬರಿಯ ಹೆಮ್ಮೆಯ ಮಾತಲ್ಲ.

ಸ್ಟೀಫನ್ಸರು ಕ್ರಿಸ್ತನ ಹೆಸರನ್ನು ಇಟ್ಟುಕೊಂಡು ಹೊರಗಿನ ಉಡುಗೆಯನ್ನು ಬದಲಿಸಿದರು. ಮುನ್ನೂರು ವರ್ಷ ಕಳೆದ ಮೇಲೆ ಇನ್ನೊಬ್ಬ ಇಂಗ್ಲಿಷ್ ಕಥೋಲಿಕರು ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದರು. ಹೆಸರನ್ನೇ ತೆಗೆದುಬಿಟ್ಟರು.

ಜಾನ್ ರೊನಾಲ್ಡ್ ರೂಯೆಲ್ ಟೋಲ್ಕೀನರು ಹುಟ್ಟಿದುದು 1892ರಲ್ಲಿ, ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೀನಿನಲ್ಲಿ. ತಂದೆ ಅಲ್ಲಿ ಬ್ಯಾಂಕಿನ ಮ್ಯಾನೇಜರು. ಇದನ್ನು ಕಸುಬಿನ ಅಭಿಮಾನದಿಂದ ಹೇಳುತ್ತಿದ್ದೇವೆ, ಕ್ಷಮಿಸಬೇಕು. 1896ರಲ್ಲಿ ತಂದೆ ತೀರಿಕೊಂಡರು. ತಾಯಿ ಮೇಬಲ್ ಇಂಗ್ಲೆಂಡಿನಲ್ಲಿ ಇಬ್ಬರು ಹುಡುಗರನ್ನು ಕಟ್ಟಿಕೊಂಡು ವಿಧವೆಯಾಗಿ ನಿಂತರು. 1900ರಲ್ಲಿ ಆಕೆ ಕಥೋಲಿಕ ಧರ್ಮಸಭೆಗೆ ಸೇರಿದರು. ಬಂಧುಗಳು ಮುನಿದರು, ಸೋದರಿಯ ಗಂಡನಿಂದ ಬರುತ್ತಿದ್ದ ಹಣದ ನೆರವು ನಿಂತಿತು. 1904ರಲ್ಲಿ, 34ನೆಯ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆಯಿಂದ ತೀರಿಕೊಂಡರು. ಇನ್ಸುಲಿನ್ ರೋಗಿಗಳಿಗೆ ಸಿಕ್ಕಿದುದು 1922ರಲ್ಲಿ. ಅಂದರೆ ಆ ಕಾಲಕ್ಕೆ ಅದು ಮದ್ದಿಲ್ಲದ ರೋಗ. ಹುಡುಗನಿಗೆ ಆಗ 12 ವರ್ಷ. ಸಾಯುವ ಮುನ್ನ ತಾಯಿ ಮಕ್ಕಳನ್ನು ಬರ್ಮಿಂಗ್‌ಹ್ಯಾಮಿನ ಫಾದರ್ ಫ್ರಾನ್ಸಿಸ್ ಮಾರ್ಗನ್ನರ ಕೈಗೆ ಒಪ್ಪಿಸಿದ್ದರು. ವಿಶ್ವಾಸಕ್ಕಾಗಿಯೇ ತಾಯಿ ಪ್ರಾಣ ತೆತ್ತರೆಂದು ಮಗ ಕೊನೆಯವರೆಗೂ ನಂಬಿದ್ದರು. ಮತವೆಂಬುದು ಅವರಿಗೆ ಹುಟ್ಟಿನಿಂದ ಬಂದ ಅಭ್ಯಾಸವಾಗಿರಲಿಲ್ಲ. ಹಸಿವಿನ ಬೆಲೆ ಕೊಟ್ಟು ತಾಯಿ ಕೊಂಡುಕೊಟ್ಟ ವಸ್ತುವಾಗಿತ್ತು. ಇದನ್ನು ತಿಳಿಯದೆ ಅವರ ಕಥೆಯನ್ನು ಓದಿದರೆ ಅರ್ಧವೇ ಓದಿದಂತೆ ಎಂದು ನಮಗೆ ತೋರುತ್ತದೆ.

ಇಂಥವರು ಬರೆದ ಮಹಾಕಥೆ 1954-55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಅದರಲ್ಲಿ ಇಗರ್ಜಿಯಿಲ್ಲ, ಪಾದ್ರಿಯಿಲ್ಲ, ಪೂಜೆಯೆಂಬುದೇ ಇಲ್ಲ. ಆದರೂ ಇದು ಮೂಲತಃ ಕಥೋಲಿಕ ಕೃತಿ, ಮೊದಲು ತಮಗೆ ಅರಿವಿಲ್ಲದೆ, ತಿದ್ದುವಾಗ ಅರಿತೇ ಹಾಗೆ ಆಯಿತು ಎಂಬ ಅರ್ಥದ ಮಾತನ್ನು ಅವರು 1953ರಲ್ಲಿ ಜೆಸ್ವಿಟ್ ಸಭೆಯ ಮಿತ್ರರಾದ ರಾಬರ್ಟ್ ಮರ್ರೆಯವರಿಗೆ ಬರೆದರು. ಧರ್ಮದ ಹೊರಗುರುತುಗಳನ್ನು ಆ ಕಾರಣಕ್ಕೇ ತೆಗೆದುಹಾಕಿದೆ ಎಂದೂ ಹೇಳಿದರು. ಸಾರಿಗೆ ಹಾಕಿದ ಉಪ್ಪು ಕಣ್ಣಿಗೆ ಕಾಣುವುದಿಲ್ಲ. ಕಂಡರೆ ಅದು ಕರಗಿಲ್ಲವೆಂದೇ ಅರ್ಥ. ಅವರ ಮಿತ್ರರಾದ ಸಿ. ಎಸ್. ಲೂಯಿಸರ ನಾರ್ನಿಯದ ಕಥೆಗಳಲ್ಲಿ ಸಿಂಹವು ಕ್ರಿಸ್ತನೆಂದು ದೊಡ್ಡವರಿಗೆ ಬೇಗನೆ ತಿಳಿದುಹೋಗುತ್ತದೆ. ಲೂಯಿಸರು ಕಥೋಲಿಕರಲ್ಲ, ಇಂಗ್ಲೆಂಡಿನ ಆಂಗ್ಲಿಕನ್ ಸಭೆಯವರು. ಅವು ಒಳ್ಳೆಯ ಕಥೆಗಳೇ. ಆದರೆ ವೇಷಧಾರಿಯ ಹೆಸರನ್ನು ಭಾಗವತರು ಮೊದಲೇ ಕೂಗಿ ಹೇಳಿದಂತೆ ಅಷ್ಟು ಸ್ವಾರಸ್ಯ ಕಡಿಮೆ. ಇದು ನಮ್ಮ ಅಭಿಪ್ರಾಯ.

ಟೋಲ್ಕೀನರ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ದುಷ್ಟನೊಬ್ಬ ಎಲ್ಲರ ಮನಸ್ಸನ್ನೂ ತನ್ನ ಅಂಕೆಯಲ್ಲಿಡಲು ಒಂದು ಉಂಗುರ ಮಾಡಿಕೊಂಡಿದ್ದಾನೆ. ಅದು ಕೈತಪ್ಪಿ ಹೋಗಿ ಗೊಲ್ಲಮ್ ಎಂಬ ದೀನಪ್ರಾಣಿಯ ಕೈಸೇರಿ, ಅಲ್ಲಿಂದ ಬಿಲ್ಬೊ ಎಂಬ ಕುಳ್ಳನಿಗೆ ಸಿಕ್ಕಿ, ಕಡೆಗೆ ಅವನ ಬಂಧುವಾದ ಫ್ರೋಡೊವಿನ ಪಾಲಿಗೆ ಬರುತ್ತದೆ. ಅದನ್ನು ಹುಟ್ಟಿದ ಬೆಂಕಿಬೆಟ್ಟದಲ್ಲೇ ಹಾಕಿ ಕರಗಿಸಬೇಕು. ಫ್ರೋಡೊ ಮತ್ತು ಅವನ ತೋಟಗಾರ ಸ್ಯಾಮ್ ನಡೆದು ಹೊರಡುತ್ತಾರೆ.

ಮಾಟದ ಮಾತನ್ನು ಇಲ್ಲಿಯೇ ಮುಗಿಸಬಹುದು. ಉಂಗುರವನ್ನು ಮೊದಲಿಗೇ ಗ್ಯಾಂಡಾಲ್ಫ್ ಎಂಬ ಮಾಂತ್ರಿಕನಿಗೆ ಕೊಡಲು ಹೋದರೆ ಅವನು ಹೌಹಾರಿ ಹಿಂದೆ ಸರಿಯುತ್ತಾನೆ. ಒಳ್ಳೆಯದನ್ನು ಮಾಡಬೇಕೆಂಬ ಆಸೆಯ ದಾರಿಯಿಂದಲೇ ಅದು ತನ್ನನ್ನು ಹಿಡಿಯುವುದೆಂದು ಅವನಿಗೆ ಗೊತ್ತು. ಇನ್ನೊಬ್ಬರ ಇಚ್ಛೆಯನ್ನು ಬಲಾತ್ಕಾರದಿಂದ ಆಳುವ ಶಕ್ತಿಯೇ ಆ ಕಥೆಯಲ್ಲಿ ಮಾಟ. ಪುಸ್ತಕದುದ್ದಕ್ಕೂ ನಡೆಯುವುದು ಅದನ್ನು ಬಿಟ್ಟುಕೊಡುವ ಪ್ರಯತ್ನವೇ. ಭಸ್ಮಾಸುರನ ಕಥೆ ಕೇಳಿದ ಮಗು ಭಸ್ಮಾಸುರನಾಗಲು ಹೊರಡುವುದಿಲ್ಲವಷ್ಟೆ.

ಇನ್ನು ಕಥೋಲಿಕ ಶ್ರದ್ಧೆ ಎಲ್ಲಿ ಕರಗಿದೆ? ತಾರೀಕು ನೋಡುವುದು ನಮ್ಮ ಕಸುಬಾದುದರಿಂದ ಮೊದಲು ಕಣ್ಣಿಗೆ ಬಿದ್ದುದು ಅದೇ. ಪುಸ್ತಕದ ಕೊನೆಯ ಅನುಬಂಧದಲ್ಲಿ ತಾರೀಕುವಾರು ಪಟ್ಟಿಯೊಂದಿದೆ. ಯಾತ್ರಿಕರು ರಿವೆಂಡೆಲ್ ಬಿಟ್ಟು ಹೊರಟುದು ಡಿಸೆಂಬರ್ 25. ಉಂಗುರ ನಾಶವಾದುದು ಮಾರ್ಚ್ 25. ಮೊದಲನೆಯದು ಯಾವ ದಿನವೆಂದು ಎಲ್ಲರಿಗೂ ಗೊತ್ತು. ಎರಡನೆಯದು ದೇವದೂತನು ಮಾತೆ ಮರಿಯಳಿಗೆ ಶುಭಸಂದೇಶ ತಂದ ಹಬ್ಬ. ಕ್ರಿಸ್ತನು ಶಿಲುಬೆಯೇರಿದುದೂ ಅದೇ ತಾರೀಕೆಂದು ಮಧ್ಯಯುಗದ ಜನ ಎಣಿಸುತ್ತಿದ್ದರು. ಕಥೆಯೊಳಗೆ ಇದರ ಬಗ್ಗೆ ಒಂದು ಮಾತೂ ಇಲ್ಲ.

ಅದಕ್ಕಿಂತ ರುಚಿಯಾದುದು ಬುತ್ತಿ. ಯಾತ್ರಿಕರಿಗೆ ದೇವಗಂಧರ್ವರಂಥ ಜನರು ಎಲೆಯಲ್ಲಿ ಸುತ್ತಿದ ತೆಳುವಾದ ರೊಟ್ಟಿಯನ್ನು ಕೊಡುತ್ತಾರೆ. ಅದರ ಹೆಸರು ಲೆಂಬಸ್. ಬೇರೆ ಊಟವಿಲ್ಲದೆ ಇದೊಂದನ್ನೇ ನಂಬಿದಷ್ಟೂ ಅದರ ಬಲ ಹೆಚ್ಚುತ್ತದೆ. ಗೊಲ್ಲಮ್‌ಗೆ ಮಾತ್ರ ಅದು ಗಂಟಲಲ್ಲಿ ಇಳಿಯುವುದಿಲ್ಲ. ಕಥೋಲಿಕರಲ್ಲಿ ಸಾಯುವವರಿಗೆ ಕೊನೆಯ ಬಾರಿ ಪರಮಪ್ರಸಾದ ಕೊಡುವ ಸಂಪ್ರದಾಯವಿದೆ. ಅದಕ್ಕೆ ಲ್ಯಾಟಿನ್ನಿನಲ್ಲಿ ‘ವಿಯಾಟಿಕುಂ’ ಎನ್ನುತ್ತಾರೆ; ಆ ಮಾತಿನ ಅರ್ಥ ದಾರಿಬುತ್ತಿ. ಇಷ್ಟು ಗೊತ್ತಿದ್ದವರಿಗೆ ಬೆಂಕಿಬೆಟ್ಟದ ಬುಡದಲ್ಲಿ ಆ ರೊಟ್ಟಿಯ ಚೂರು ಬಾಯಿಗೆ ಹೋಗುವಾಗ ಕಣ್ಣು ಮಂಜಾಗುತ್ತದೆ. ಗೊತ್ತಿಲ್ಲದ ಮಗುವಿಗೂ ಅದು ಬರಿಯ ರೊಟ್ಟಿಯಲ್ಲವೆಂದು ಹೇಗೋ ತಿಳಿಯುತ್ತದೆ. ಹಬ್ಬದ ಮರುದಿನ ಊರಿನಿಂದ ಹೊರಡುವಾಗ ಅಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ಬಸ್ಸಿನಲ್ಲಿ ಬಿಚ್ಚಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಎಲ್ಲಕ್ಕೂ ಮೇಲಾದುದು ಕೊನೆಯ ಘಟನೆ. ಅಷ್ಟು ದೂರ ಬಂದ ಫ್ರೋಡೊ ಬೆಂಕಿಯ ಅಂಚಿನಲ್ಲಿ ಸೋಲುತ್ತಾನೆ. ಉಂಗುರವನ್ನು ಎಸೆಯಲೊಲ್ಲದೆ, ಇದು ನನ್ನದು ಎಂದುಬಿಡುತ್ತಾನೆ. ಆಗ ಬೆನ್ನಟ್ಟಿ ಬಂದ ಗೊಲ್ಲಮ್ ಅವನ ಬೆರಳನ್ನೇ ಕಚ್ಚಿ, ಉಂಗುರ ಕಿತ್ತುಕೊಂಡು, ಹಿಗ್ಗಿನಲ್ಲಿ ಕುಣಿಯುತ್ತ ಕಾಲುಜಾರಿ ಬೆಂಕಿಗೆ ಬೀಳುತ್ತಾನೆ. ಲೋಕ ಉಳಿಯುತ್ತದೆ. ಗೊಲ್ಲಮ್ ಅಲ್ಲಿಯವರೆಗೆ ಬದುಕಿದ್ದುದೇಕೆ? ಎಂದೋ ಕತ್ತಲೆಯ ಗುಹೆಯಲ್ಲಿ ಕತ್ತಿ ಹಿಡಿದಿದ್ದ ಬಿಲ್ಬೊ ಅವನನ್ನು ಕೊಲ್ಲಬಹುದಾಗಿತ್ತು, ಕನಿಕರಪಟ್ಟು ಬಿಟ್ಟ. ಮುಂದೆ ಫ್ರೋಡೊ ಬಿಟ್ಟ. ಕಡೆಗೆ, ಗೊಣಗುತ್ತಲೇ, ಸ್ಯಾಮ್ ಕೂಡ ಬಿಟ್ಟ. ಎಂದೋ ಜಮೆಯಾಗಿ ಖಾತೆದಾರನಿಗೇ ಮರೆತುಹೋದ ಸಣ್ಣ ಮೊತ್ತದಂತೆ ಆ ಮೂವರ ಕರುಣೆ ಬೇಕಾದ ಗಳಿಗೆಯಲ್ಲಿ ಹಿಂದಿರುಗಿ ಬಂದಿತು. ಮನುಷ್ಯನು ತನ್ನ ಬಲದಿಂದಲೇ ಗೆಲ್ಲುವುದಿಲ್ಲ, ದೇವರ ಕೃಪಾವರ ಬೇಕು ಎಂದು ನಮ್ಮ ಧರ್ಮೋಪದೇಶದಲ್ಲಿ ಕಲಿಸುತ್ತಾರೆ. ಶೋಧನೆಗೆ ಒಳಪಡಿಸಬೇಡ, ನಾವು ಕ್ಷಮಿಸಿದಂತೆ ಕ್ಷಮಿಸು ಎಂದು ನಿತ್ಯವೂ ಪ್ರಾರ್ಥಿಸುತ್ತೇವೆ. ಟೋಲ್ಕೀನರು ತಮ್ಮ ಪತ್ರವೊಂದರಲ್ಲಿ ಈ ಪ್ರಾರ್ಥನೆಯನ್ನೇ ಆ ಘಟನೆಯೊಡನೆ ಸೇರಿಸಿ ನೋಡಿದ್ದಾರೆ. ಹತಾಶೆಯ ತುದಿಯಲ್ಲಿ ಬಯಸದೆ ಬರುವ ಇಂಥ ಮಂಗಳದ ತಿರುವಿಗೆ ಅವರು 1939ರ ಒಂದು ಉಪನ್ಯಾಸದಿಂದ ಬೆಳೆದ ಪ್ರಬಂಧದಲ್ಲಿ ಒಂದು ಹೊಸ ಹೆಸರನ್ನೇ ಕೊಟ್ಟರು. ಕ್ರಿಸ್ತನ ಪುನರುತ್ಥಾನವೇ ಅಂಥ ತಿರುವುಗಳಲ್ಲೆಲ್ಲ ದೊಡ್ಡದೆಂದರು.

ಹಾಸನದ ಅಕ್ಕನವರಿಗೆ ನಾವು ಕೊಟ್ಟ ಉತ್ತರ ಇಲ್ಲಿಂದ ಹೊರಟಿತು. “ಅಕ್ಕ, ಚಂದ್ರಹಾಸನ ಕಥೆ ನಿಮ್ಮ ಮನೆಯಲ್ಲಿ ಹೇಳುತ್ತಿದ್ದರೆ?” ಎಂದು ಕೇಳಿದೆವು. “ನಮ್ಮ ತಾತ ಜೈಮಿನಿ ಭಾರತ ಓದುತ್ತಿದ್ದರು” ಎಂದರು. ದೇವನೂರಿನ ಲಕ್ಷ್ಮೀಶನ ಕಾವ್ಯ. ಒಂದು ಕಾಲಕ್ಕೆ ಹಳ್ಳಿಹಳ್ಳಿಯ ಜಗಲಿಯ ಮೇಲೆ ಕೇಳಿಬರುತ್ತಿದ್ದುದು. ಅನಾಥ ಬಾಲಕನನ್ನು ಕೊಲ್ಲಿಸಲು ಮಂತ್ರಿ ದುಷ್ಟಬುದ್ಧಿ ಕಟುಕರನ್ನು ಕಳುಹಿಸುತ್ತಾನೆ. ಅವರು ಕನಿಕರಪಟ್ಟು ಕಾಲಿನ ಆರನೆಯ ಬೆರಳನ್ನು ಮಾತ್ರ ಕತ್ತರಿಸಿ ಬಿಡುತ್ತಾರೆ. (ಇಲ್ಲಿಯೂ ಒಂದು ಬೆರಳು!) ಹುಡುಗ ಬೆಳೆದ ಮೇಲೆ, ಇವನಿಗೆ ವಿಷವನ್ನು ಕೊಡು ಎಂದು ಮಗನಿಗೆ ಓಲೆ ಬರೆದು, ಅದನ್ನು ಅವನ ಕೈಯಲ್ಲೇ ಕೊಟ್ಟು ಕಳುಹಿಸುತ್ತಾನೆ. ತೋಟದಲ್ಲಿ ಮಲಗಿದ್ದ ಚಂದ್ರಹಾಸನನ್ನು ಮಂತ್ರಿಯ ಮಗಳು ವಿಷಯೆ ಕಂಡು, ಓಲೆಯನ್ನು ಓದಿ, ಅಕ್ಷರ ತಿದ್ದಿ ‘ವಿಷ’ವನ್ನು ‘ವಿಷಯೆ’ ಮಾಡುತ್ತಾಳೆ. ನಮ್ಮ ಬ್ಯಾಂಕಿನಲ್ಲಾದರೆ ತಿದ್ದಿದ ಚೆಕ್ಕನ್ನು ಹಿಂದಕ್ಕೆ ಕಳುಹಿಸುತ್ತಿದ್ದೆವು. ಅಲ್ಲಿ ಮದುವೆಯೇ ಆಗಿಹೋಯಿತು. ಕೇಡಿಗನ ಕೈಬರಹವೇ ಒಳಿತಿನ ಓಲೆಯಾಯಿತು. ದೇವರು ಇಲ್ಲಿ ಗರುಡನನ್ನೇರಿ ಬಂದನೆ? ಇಲ್ಲ, ಒಂದು ಹುಡುಗಿಯ ಉಗುರಿನ ತುದಿಯಲ್ಲಿ ಬಂದ.

ಲಕ್ಷ್ಮೀಶನು ವೈಷ್ಣವ ಭಕ್ತ. ಅವನ ಕಥೆಯನ್ನು ಕೇಳಿ ಬೆಳೆದ ಕಥೋಲಿಕ ಮಕ್ಕಳು ಕೆಡಲಿಲ್ಲ. ಟೋಲ್ಕೀನರ ಕಥೆಯನ್ನು ಕೇಳಿದ ಹಾಸನದ ಹುಡುಗನೂ ಮತ ಬಿಡುವುದಿಲ್ಲ. ಅವನಿಗೆ ಸಿಗುವುದು ಕನಿಕರವು ವ್ಯರ್ಥವಾಗುವುದಿಲ್ಲವೆಂಬ ಒಂದು ನಂಬಿಕೆ. ಅದಕ್ಕೆ ಯಾವ ದೇವರ ಹೆಸರಿಡಬೇಕೆಂಬುದನ್ನು ಅವನ ಮನೆಯವರು ಹೇಳಿಕೊಡಲಿ. ಮಂಗಳೂರಿನ ತಾಯಿಗೂ ಇದೇ ಅರಿಕೆ. ಕಥೆಯ ನಡುವೆ ನಿಲ್ಲಿಸಿ, ಇದು ಪರಮಪ್ರಸಾದ, ಇದು ಮಾತೆ ಮರಿಯ ಎಂದು ಬೆರಳಿಟ್ಟು ತೋರಿಸಬೇಡಿ. ಕರಗಿದ ಉಪ್ಪನ್ನು ಮತ್ತೆ ಹೆಕ್ಕಿ ತೆಗೆಯುವುದು ಆಗದ ಕೆಲಸ.

ಹೀಗೆ ಎರಡು ಕಥೆಗಳನ್ನೂ ಎರಡು ಶನಿವಾರ ಒಂದರ ಹಿಂದೊಂದು ಹೇಳಿದೆವು. ಚಂದ್ರಹಾಸನ ಕೊನೆ ತಮಗೆ ನೆನಪಿರಬಹುದು. ಅವನನ್ನು ಕೊಲ್ಲಿಸಲೆಂದು ಹೂಡಿದ ಸಂಚಿನಲ್ಲಿ ಮಂತ್ರಿಯ ಮಗನೇ ದೇವಿಯ ಗುಡಿಯಲ್ಲಿ ಸಾಯುತ್ತಾನೆ. ಮಂತ್ರಿಯೂ ಪ್ರಾಣ ಬಿಡುತ್ತಾನೆ. ಚಂದ್ರಹಾಸನು ದೇವಿಯನ್ನು ಬೇಡಿಕೊಂಡು ಇಬ್ಬರನ್ನೂ ಬದುಕಿಸುತ್ತಾನೆ. ತನ್ನನ್ನು ಮೂರು ಬಾರಿ ಕೊಲ್ಲಹೊರಟವನನ್ನೂ. ಕಥೆ ಮುಗಿದಾಗ ಒಂಬತ್ತು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತಳು. “ಅಂಕಲ್, ಆ ಮಂತ್ರಿಯನ್ನು ಬದುಕಿಸಿದರು. ಗೊಲ್ಲಮ್‌ನನ್ನು ಯಾಕೆ ಯಾರೂ ಬದುಕಿಸಲಿಲ್ಲ?”

ಫ್ರೋಡೊ ಅವನನ್ನು ಕ್ಷಮಿಸಿದನೆಂದು ಹೇಳಿದೆವು. ಗೊಲ್ಲಮ್‌ನ ಕಡೆಯ ತೀರ್ಪೇನೆಂದು ವಿಚಾರಿಸಲು ತಾವು ಹೋಗುವುದಿಲ್ಲವೆಂಬ ಅರ್ಥದ ಮಾತನ್ನು ಕಥೆ ಬರೆದವರೇ ಒಂದು ಪತ್ರದಲ್ಲಿ ಬರೆದಿದ್ದಾರೆಂದೂ ಹೇಳಿದೆವು. ಹುಡುಗಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಅವನಿಗೋಸ್ಕರ ಯಾರಾದರೂ ಬೇಡಿಕೊಳ್ಳಬಹುದಲ್ಲ?” ಎಂದಳು. ನವೆಂಬರ್ 1 ನಮಗೆಲ್ಲ ರಾಜ್ಯೋತ್ಸವ. ಕಥೋಲಿಕರಿಗೆ ಅಂದೇ ಸಕಲ ಸಂತರ ಹಬ್ಬ, ಮರುದಿನ ಸತ್ತವರೆಲ್ಲರ ಸ್ಮರಣೆಯ ದಿನ. ಅಂದು ಹೆಸರೇ ಗೊತ್ತಿಲ್ಲದವರಿಗಾಗಿಯೂ ಪ್ರಾರ್ಥಿಸುವ ರೂಢಿಯಿದೆಯೆಂದು ತಿಳಿಸಿದೆವು. ಆಕೆ ಹಾಸನದ ಅಕ್ಕನವರ ಮಗಳು. ಮನೆಗೆ ಹೋಗಿ ತಾಯಿಯೊಡನೆ ಏನು ಮಾತನಾಡಿದಳೋ ನಾವು ಕೇಳಲಿಲ್ಲ. ಮುಂದಿನ ಶನಿವಾರ ಅಣ್ಣನನ್ನೂ ಕರೆದುಕೊಂಡು, ಎಲ್ಲರಿಗಿಂತ ಮೊದಲೇ ಬಂದು ಕುಳಿತಿದ್ದಳು.