ದಪ್ಪ ಕಾಲು, ಉಬ್ಬಿದ ನರ: ತಪ್ಪು ಯಾರದು?

ಮಗು ಹುಟ್ಟಿದಾಗಲೇ ಒಂದು ಕಾಲು ದಪ್ಪಗಿದ್ದು, ಮೇಲೆ ಕೆಂಪು ಮಚ್ಚೆಯಿದ್ದರೆ, ಹಿರಿಯೂರಿರಲಿ ಹೊಸದುರ್ಗವಿರಲಿ, ಗ್ರಹಣದ ದೋಷ ಎನ್ನುವವರಿದ್ದಾರೆ. ಆನೆಕಾಲು ಎನ್ನುವವರೂ ಇದ್ದಾರೆ. ಆನೆಕಾಲು ಸೊಳ್ಳೆಯಿಂದ ಹರಡುವ ರೋಗ, ಹುಟ್ಟುತ್ತಲೇ ಬರುವಂಥದ್ದಲ್ಲ. ಮಚ್ಚೆ, ಉಬ್ಬಿದ ನರ, ಮೂಳೆಮಾಂಸದ ಅತಿಬೆಳವಣಿಗೆ ಈ ಮೂರೂ ಕೂಡಿದ ಕಾಯಿಲೆಯನ್ನು 1900ರಲ್ಲಿ ಫ್ರಾನ್ಸಿನ ವೈದ್ಯರಾದ ಕ್ಲಿಪೆಲ್ ಮತ್ತು ಟ್ರೆನೋನೆ ವಿವರಿಸಿದರು. ಕಾರಣ ಮಾತ್ರ ಬಹುಕಾಲ ಊಹೆಯಾಗಿಯೇ ಉಳಿಯಿತು. 1987ರಲ್ಲಿ ಜರ್ಮನಿಯ ರುಡಾಲ್ಫ್ ಹ್ಯಾಪಲ್ ಒಂದು ತರ್ಕ ಮುಂದಿಟ್ಟರು: ಕೆಲವು ಜೀನ್ ದೋಷಗಳು ಎಲ್ಲ ಜೀವಕೋಶಗಳಲ್ಲಿದ್ದರೆ ಭ್ರೂಣ ಬದುಕುವುದಿಲ್ಲ, ಕೆಲವೇ ಕೋಶಗಳಲ್ಲಿದ್ದರೆ ಬದುಕುತ್ತದೆ. ಇಂಥದೇ ಅತಿಬೆಳವಣಿಗೆಯ ಕಾಯಿಲೆಗಳ ಪೈಕಿ 2011ರಲ್ಲಿ ಪ್ರೋಟಿಯಸ್ ಕಾಯಿಲೆಯಲ್ಲಿ ಎಕೆಟಿ1, 2012ರಲ್ಲಿ ಕ್ಲೋವ್ಸ್ ಕಾಯಿಲೆಯಲ್ಲಿ ಪಿಐಕೆ3ಸಿಎ ಜೀನಿನ ದೋಷ ಕೆಲವೇ ಕೋಶಗಳಲ್ಲಿ ಸಿಕ್ಕಿ, ಆ ತರ್ಕಕ್ಕೆ ಪುರಾವೆ ಒದಗಿತು. ಕ್ಲಿಪೆಲ್–ಟ್ರೆನೋನೆ ಕಾಯಿಲೆಯ ಅನೇಕರಲ್ಲೂ ಪಿಐಕೆ3ಸಿಎ ದೋಷವೇ ಕಂಡಿತು.

ಸೋದರಮಾವನನ್ನು ಮದುವೆಯಾದದ್ದರಿಂದ ಹೀಗಾಯಿತೇ ಎಂದು ನೀವು ಕೇಳಬಹುದು. ರಕ್ತಸಂಬಂಧದ ಮದುವೆಯಲ್ಲಿ ತಂದೆತಾಯಿ ಇಬ್ಬರಿಂದಲೂ ಒಂದೇ ದೋಷ ಇಳಿದು ಬರುವ ಕಾಯಿಲೆಗಳು ಹೆಚ್ಚುವುದು ನಿಜ. ಆದರೆ ಇಲ್ಲಿನ ದೋಷ ಸಾಮಾನ್ಯವಾಗಿ ಗರ್ಭ ಕಟ್ಟಿದ ಮೇಲೆ ಒಂದು ಕೋಶದಲ್ಲಿ ಹುಟ್ಟುತ್ತದೆ; ಅದು ಹೆತ್ತವರಿಂದ ಬಂದದ್ದಲ್ಲ. ಹೊರತೂ ಉಂಟು: ಇಂಥದೇ ಲಕ್ಷಣ ತರಬಲ್ಲ ಪಿಟೆನ್ ಜೀನಿನ ದೋಷ ಮನೆತನದಲ್ಲಿ ಇಳಿಯಬಲ್ಲದು. ಆದ್ದರಿಂದ ದೂಷಿಸುವ ಮೊದಲು ಪರೀಕ್ಷೆ ಮಾಡಿಸಬೇಕು.

ಉಬ್ಬಿದ ನರ ತಾನೆ, ತೆಗೆಸಿಬಿಡೋಣ ಎಂಬುದೂ ಅಷ್ಟು ಸರಳವಲ್ಲ. ಇಂಥ ಹಲವರಲ್ಲಿ, ಭ್ರೂಣದಲ್ಲೇ ಮರೆಯಾಗಬೇಕಿದ್ದ ರಕ್ತನಾಳವೊಂದು ಕಾಲಿನ ಹೊರಬದಿಯಲ್ಲಿ ಹಾಗೆಯೇ ಉಳಿದಿರುತ್ತದೆ. ಅದರಲ್ಲಿ ಕವಾಟಗಳು ಸರಿಯಿರದೆ ರಕ್ತ ನಿಂತು ಹೆಪ್ಪುಗಟ್ಟಬಹುದು; ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಕಾಲಿನ ಆಳದಲ್ಲಿರುವ ನಾಳ ಕೆಲವರಲ್ಲಿ ಸಣಕಲು, ಕೆಲವರಲ್ಲಿ ಇರುವುದೇ ಇಲ್ಲ. ಅಂಥವರಲ್ಲಿ ಹೊರಗಿನದನ್ನೂ ತೆಗೆದರೆ ರಕ್ತ ಮರಳಲು ದಾರಿಯೇ ಉಳಿಯದು. ಡಾಪ್ಲರ್ ಸ್ಕ್ಯಾನ್‌ನಿಂದ ಇದನ್ನು ಮೊದಲೇ ತಿಳಿಯಬಹುದು; ಅದಕ್ಕೆ ಸೂಜಿಯೂ ಬೇಡ.

ಪರೀಕ್ಷೆ, ಚಿಕಿತ್ಸೆಗೆ ಬೆಂಗಳೂರು ದೂರ, ಖರ್ಚೂ ಹೆಚ್ಚು ಎಂಬ ಆಕ್ಷೇಪ ಸುಳ್ಳಲ್ಲ. ಆದರೂ ಮೊದಲ ಹೆಜ್ಜೆ ಇಡುವುದು ಹೊಳಲ್ಕೆರೆಯಲ್ಲೇ, ಚಿತ್ರದುರ್ಗದಲ್ಲೇ. ಶಾಲೆ, ಅಂಗನವಾಡಿಗೆ ಬರುವ ಬಾಲ ಸ್ವಾಸ್ಥ್ಯ ತಂಡಕ್ಕೆ ಮಗುವನ್ನು ತೋರಿಸಿ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಅಪರೂಪದ ಕಾಯಿಲೆಗಳಿಗೆ ಕೇಂದ್ರ ಸರ್ಕಾರ ಗುರುತಿಸಿದ ಸಂಸ್ಥೆಗಳು. ಸ್ತನ ಕ್ಯಾನ್ಸರಿನ ಔಷಧವಾದ ಆಲ್ಪೆಲಿಸಿಬ್‌ನಿಂದ ಪಿಐಕೆ3ಸಿಎ ದೋಷದ ಕಾಯಿಲೆಗಳಿದ್ದ 19 ರೋಗಿಗಳು ಚೇತರಿಸಿಕೊಂಡರೆಂದು 2018ರಲ್ಲಿ ಪ್ಯಾರಿಸ್‌ನಿಂದ ವರದಿಯಾಯಿತು. 2022ರಲ್ಲಿ ಅಮೆರಿಕ ಅದಕ್ಕೆ ಈ ಕಾಯಿಲೆಗಳಲ್ಲೂ ಅನುಮತಿ ಕೊಟ್ಟಿತು. ತಾಯಿಯನ್ನು ದೂರಬೇಡಿ; ಸ್ಕ್ಯಾನ್ ಆಗದೆ ಆಪರೇಷನ್‌ಗೆ ಒಪ್ಪಬೇಡಿ; ಇಂಥವರಿಗೆ ದಿಢೀರನೆ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.