ಕ್ಯಾಮರಾ ಹಿಡಿದ ಗುಮಾಸ್ತ
(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಕಾಡಿನ ಫೋಟೋ ತೆಗೆಯುವುದು ಹೊಟ್ಟೆ ತುಂಬಿದವರ ಹವ್ಯಾಸ ಎಂಬ ಮಾತು ನಮ್ಮಲ್ಲಿ ಉಂಟು. ಮಗ್ಗದ ಮುಂದೆ ಎಂಟು ಗಂಟೆ ನಿಂತವನಿಗೆ, ರಾತ್ರಿಯವರೆಗೆ ತಕ್ಕಡಿ ಹಿಡಿದವನಿಗೆ ಅದರಿಂದ ಆಗಬೇಕಾದ್ದೇನು? ನ್ಯಾಯವಾದ ಪ್ರಶ್ನೆಯೇ. ಉತ್ತರವಾಗಿ ಆಸ್ಟ್ರೇಲಿಯದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದ ಒಬ್ಬ ಗುಮಾಸ್ತನ ಕಥೆಯನ್ನು ನಿಮ್ಮ ಮುಂದಿಡುತ್ತೇವೆ.

ಅವನ ಹೆಸರು ಓಲೆಗಾಸ್ ತ್ರುಚಾನಸ್. 1923ರಲ್ಲಿ ಲಿಥುವೇನಿಯದಲ್ಲಿ ಹುಟ್ಟಿ, ಮಹಾಯುದ್ಧದಲ್ಲಿ ನೆಲೆ ಕಳೆದುಕೊಂಡು, 1948ರಲ್ಲಿ ಆ ದ್ವೀಪಕ್ಕೆ ಬಂದಿಳಿದ ನಿರಾಶ್ರಿತ. ಮೊದಲು ಸತುವಿನ ಕಾರ್ಖಾನೆಯಲ್ಲಿ ಕೂಲಿ. ಆಮೇಲೆ ಸರಕಾರಿ ಜಲವಿದ್ಯುತ್ ಮಂಡಲಿಯಲ್ಲಿ ಗುಮಾಸ್ತಗಿರಿ. ರಜೆ ಸಿಕ್ಕಾಗಲೆಲ್ಲ ಕ್ಯಾಮರಾ ಹೆಗಲಿಗೇರಿಸಿ ನೈರುತ್ಯದ ದಾರಿಯಿಲ್ಲದ ಕಾಡಿಗೆ ಹೊರಡುತ್ತಿದ್ದ. ಅಲ್ಲಿ ಪೆಡ್ಡರ್ ಎಂಬ ಸರೋವರ. ಬೆಟ್ಟಗಳ ನಡುವೆ ನಸುಗೆಂಪು ಮರಳಿನ ದಂಡೆ. ಬೇಸಗೆಯಲ್ಲಿ ಸಣ್ಣ ವಿಮಾನ ಇಳಿಯುವಷ್ಟು ಅಗಲ. 1955ರಿಂದ ಅದು ರಾಷ್ಟ್ರೀಯ ಉದ್ಯಾನ. ಆದರೆ ಗೆರೆ ಎಳೆದ ಸರಕಾರಕ್ಕೆ ಗೆರೆ ಅಳಿಸುವುದೇನು ಕಷ್ಟ? 1967ರಲ್ಲಿ ಅಣೆಕಟ್ಟಿನ ಯೋಜನೆಗೆ ಒಪ್ಪಿಗೆ ದೊರೆಯಿತು. ಒಪ್ಪಿಗೆ ಕೊಟ್ಟದ್ದು ಬಂಡವಾಳಗಾರರ ಪಕ್ಷವಲ್ಲ, ಕಾರ್ಮಿಕ ಪಕ್ಷದ ಸರಕಾರ. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ.

ಸಂಬಳ ಕೊಡುವ ಮಂಡಲಿಯ ವಿರುದ್ಧ ಗುಮಾಸ್ತನೊಬ್ಬ ವೇದಿಕೆಯೇರಿ ಮಾತಾಡುವುದು ಹೇಗೆ? ಆ ಕಷ್ಟವನ್ನು ನಿಮಗೆ ವಿವರಿಸಬೇಕಾಗಿಲ್ಲ. ತ್ರುಚಾನಸ್ ಹೊಬಾರ್ಟ್ ಪುರಭವನದಲ್ಲಿ ಪರದೆ ಕಟ್ಟಿಸಿ ಸರೋವರದ ಬಣ್ಣದ ಚಿತ್ರಗಳನ್ನು ಒಂದಾದ ಮೇಲೊಂದರಂತೆ ತೋರಿಸಿದ. ಜನ ಕಿಕ್ಕಿರಿದು ಬಂದರು. 1967ರ ಕಾಳ್ಗಿಚ್ಚಿನಲ್ಲಿ ಅವನ ಮನೆಯೂ ವರ್ಷಗಟ್ಟಲೆ ಕೂಡಿಟ್ಟ ಚಿತ್ರಗಳೂ ಸುಟ್ಟುಹೋಗಿದ್ದವು. ಮತ್ತೆ ಮೊದಲಿನಿಂದ ಶುರುಮಾಡಿದ್ದ. ಆದರೂ ಪೆಡ್ಡರ್ ಉಳಿಯಲಿಲ್ಲ, 1972ರಲ್ಲಿ ಮುಳುಗಿತು. ಅದರ ದಂಡೆಯಲ್ಲಿ ಮಾತ್ರ ಸಿಕ್ಕಿದ್ದ ಒಂದು ಜಾತಿಯ ಎರೆಹುಳು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಅದೇ ವರ್ಷದ ಜನವರಿಯಲ್ಲಿ, ಗಾರ್ಡನ್ ನದಿಗೂ ಕಟ್ಟೆ ಬೀಳುವ ಮುನ್ನ ಅದರ ಚಿತ್ರ ತೆಗೆಯಲು ಹೋದ ತ್ರುಚಾನಸ್ ನೀರಿನ ಪಾಲಾದ. ಶವವನ್ನು ಹುಡುಕಿ ಕಂಡವನು ಅವನ ಶಿಷ್ಯ ಪೀಟರ್ ಡಾಂಬ್ರೋವ್ಸ್ಕಿಸ್. ಅವನೂ ನಿರಾಶ್ರಿತರ ಮಗನೇ.

ಮುಂದಿನ ಸರದಿ ಫ್ರ್ಯಾಂಕ್ಲಿನ್ ನದಿಯದು. ಅದು ಕೊಳಕು ನೀರಿನ, ಜಿಗಣೆ ತುಂಬಿದ ಹಳ್ಳ ಎಂದು ಆಗಿನ ಮುಖ್ಯಮಂತ್ರಿ ರಾಬಿನ್ ಗ್ರೇ ಹಳಿದರು. ನದಿಯನ್ನು ಕಂಡವರೇ ವಿರಳವಾದಾಗ ಅಲ್ಲವೆನ್ನುವವರು ಯಾರು? ಡಾಂಬ್ರೋವ್ಸ್ಕಿಸ್ ಭಾರದ ಕ್ಯಾಮರಾ ಹೊತ್ತು ಹೋಗಿ, ಬಂಡೆಗಳ ನಡುವೆ ಮಂಜು ಕವಿದು ಹರಿಯುವ ನದಿಯ ಚಿತ್ರ ತಂದ. 1983ರ ಮಾರ್ಚಿನ ಚುನಾವಣೆಗೆ ಮುನ್ನ ಅದು ಸಿಡ್ನಿ, ಮೆಲ್ಬರ್ನ್ ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತಾಯಿತು. ಕಟ್ಟೆ ಬೇಡವೆಂದ ಕಾರ್ಮಿಕ ಪಕ್ಷ ಗೆದ್ದಿತು. ಜುಲೈ 1ರಂದು ಸರ್ವೋಚ್ಚ ನ್ಯಾಯಾಲಯ ಮೂವರ ವಿರುದ್ಧ ನಾಲ್ವರ ತೀರ್ಪಿನಿಂದ ಕಟ್ಟೆಯನ್ನು ನಿಲ್ಲಿಸಿತು.

ಒಂದು ಫೋಟೋ ಚುನಾವಣೆ ಗೆದ್ದಿತೆಂದು ಹೇಳಿದರೆ ಅದು ಬರಿಯ ಅಲಂಕಾರದ ಮಾತು. ನದಿಯ ದಡದಲ್ಲಿ ಅಡ್ಡ ನಿಂತು ಸಾವಿರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾಗಿದ್ದರು. ಇನ್ನೊಂದು ಲೆಕ್ಕವನ್ನೂ ಹೇಳಬೇಕು: ದೇಶವೆಲ್ಲ ಒಂದು ಕಡೆ ವಾಲಿದಾಗ ಟಾಸ್ಮೇನಿಯಾದ ಐದು ಸ್ಥಾನಗಳೂ ಕಟ್ಟೆ ಬೇಕೆಂದ ಪಕ್ಷಕ್ಕೇ ಹೋದವು! ಅಲ್ಲಿಯ ದುಡಿಯುವ ಜನರನ್ನು ಮೂಢರೆನ್ನಲು ನಾವು ಸಿದ್ಧರಿಲ್ಲ. ಕೆಲಸ ನಿಂತರೆ ನಾಳೆ ಒಲೆ ಉರಿಯುವುದೇ ಎಂಬ ಚಿಂತೆ ಅವರದು. ಮಂಜಿನ ಆ ಚಿತ್ರದಲ್ಲಿ ಅವರ ಒಲೆ ಕಾಣುವುದಿಲ್ಲ. ಚಿತ್ರ ಹಿಡಿದು ಹೋರಾಡುವವರು ಕೂಲಿಯ ಲೆಕ್ಕವನ್ನೂ ಜೊತೆಗೆ ತರಬೇಕು. ಕೇಂದ್ರ ಸರಕಾರ ಪರಿಹಾರ ಕೊಟ್ಟದ್ದು ಕೊನೆಗೆ.

ವಿದ್ಯುತ್ತು ಬೇಡವೆನ್ನುವವರು ನಾವಲ್ಲ. ಗಿರಣಿ ತಿರುಗುವುದೇ ಅದರಿಂದ. ಲಿಂಗನಮಕ್ಕಿಯ ಕಟ್ಟೆ 1964ರಲ್ಲಿ ಮುಗಿದಾಗ ಶರಾವತಿ ಕಣಿವೆಯ ಊರು ಬಿಟ್ಟವರು ನಮ್ಮವರೇ. ಬೆಳಕು ಯಾರಿಗೆ, ಮುಳುಗಡೆ ಯಾರಿಗೆ ಎಂದು ಕೇಳುವ ಮೊದಲು ಏನು ಮುಳುಗುತ್ತದೆಂಬುದು ಕಣ್ಣಿಗೆ ಕಾಣಬೇಕು. ಕ್ಯಾಮರಾದ ಕೆಲಸ ಅಷ್ಟೇ, ಅದು ಸಣ್ಣದಲ್ಲ.

ಪೆಡ್ಡರಿನ ನೀರಿಳಿಸಿ ಹಳೆಯ ಸರೋವರವನ್ನು ಹೊರತೆಗೆಯಿರಿ ಎಂದು ಕೇಳುವವರು ಇಂದಿಗೂ ಇದ್ದಾರೆ. ಅದು ಮುಳುಗಿದ ಮೇಲೆ ಹುಟ್ಟಿದವರು ಅದನ್ನು ಕಾಣುವುದು ಚಿತ್ರದಲ್ಲಿ ಮಾತ್ರ.

ಎರಡು ಚಿತ್ರಗಳ ಪ್ರತಿಗಳನ್ನು ತಂದಿದ್ದೇವೆ. ಸಾಲಿನಿಂದ ಸಾಲಿಗೆ ದಾಟಿಸಿರಿ. ರಾತ್ರಿ ಪಾಳಿಗೆ ಹೋಗುವವರು ಮೊದಲು ನೋಡಲಿ.